ಟೈಲರಣ್ಣನ ಸ್ಕೂಟರ್ ಕೊಳ್ಳುವ ಮೊದಲು

ನಮ್ಮ ಮನೆಯಲ್ಲಿ ಸ್ಕೂಟರಿನ ಮಾತು ಎದ್ದದ್ದು ಶೋಕಿಗಲ್ಲ. ಮಾವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕ ಮಲಗಿ, ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಎರಡು ಬಸ್ ಬದಲಿಸುವಷ್ಟರಲ್ಲಿ ಹಿಂಡಿ ಹಿಪ್ಪೆಯಾಗುತ್ತಿದ್ದರು. ಪ್ರತಿ ಸಲ ಆಟೊ ಹಿಡಿಯುವಷ್ಟು ನಾವು ಉಳ್ಳವರಲ್ಲ. ನನ್ನ ಗಂಡ ಗಾಜಿನ ಅಂಗಡಿಯಲ್ಲಿ ಕಿಟಕಿ ಗಾಜು ಕತ್ತರಿಸುವವರು. ನಾನು ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವವಳು.

ಒಂದು ದಿನ ಗೋದಾಮಿನಲ್ಲಿ ಲಾರಿ ಬಂದು ನಿಂತಿತ್ತು, ಮಾವನನ್ನು ಕರೆತರಲು ಹೋಗುವುದು ತಡವಾಯಿತು. ಅವರು ಒಬ್ಬರೇ ಹೊರಟು ಬಸ್ ಸ್ಟಾಪಿಗೆ ಬಂದಿದ್ದರು. ತಲೆ ಸುತ್ತಿ ನೆಲಕ್ಕೆ ಕೂತುಬಿಟ್ಟಿದ್ದರು. ಬಸ್ ಬಂದಾಗ ಏಳಲು ಹೋಗಿ ತೂರಾಡಿದರು. ಕಂಡಕ್ಟರ್ ಬಾಗಿಲಲ್ಲೇ ತಡೆದು, "ಕುಡಿದವರನ್ನ ಹತ್ತಿಸಲ್ಲ, ಇಳೀರಿ," ಎಂದನಂತೆ. ಸುತ್ತ ಇದ್ದವರು ನಕ್ಕರಂತೆ. ನಾನು ಹೋದಾಗ ಮಾವ ಕಂಬಕ್ಕೆ ಒರಗಿ ಕೂತಿದ್ದರು. ಅಂಗಿಯ ತೋಳಿನ ಮೇಲೆ ಸೂಜಿ ಚುಚ್ಚಿದ ಜಾಗದಿಂದ ಸ್ವಲ್ಪ ರಕ್ತ ಬಂದಿತ್ತು.

ನಮ್ಮ ಮಾವ ಸರ್ವೀಸ್ ಪೂರ್ತಿ ಬಸ್ ಕಂಡಕ್ಟರ್ ಆಗಿದ್ದವರು. ಮನೆಗೆ ಬಂದ ಮೇಲೆ ಅವರು ಬೈಯಲೂ ಇಲ್ಲ, ಅಳಲೂ ಇಲ್ಲ.

"ಆ ಹುಡುಗಂದು ತಪ್ಪಿಲ್ಲ ಕಣಮ್ಮ," ಎಂದರು. "ಆದ್ರೆ ಇನ್ನು ಮೇಲೆ ನಾನು ಆಸ್ಪತ್ರೆಗೆ ಹೋಗಲ್ಲ. ಸಾಕು."

ಹೋಗಲ್ಲ ಎಂದರೆ ಏನರ್ಥ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ನಾದಿನಿಗಂತೂ ಚೆನ್ನಾಗಿ ಗೊತ್ತಿತ್ತು. ಅವಳು ಅದೇ ಆಸ್ಪತ್ರೆಯ ಅಪಘಾತದ ವಾರ್ಡಿನಲ್ಲಿ ನರ್ಸ್. ಸುದ್ದಿ ಕೇಳಿ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಪ್ಪ, ನೀನು ಹೋಗದೇ ಇದ್ರೆ ಮೊದಲು ಕಾಲಲ್ಲಿ ನೀರು ತುಂಬುತ್ತೆ, ಆಮೇಲೆ ಎದೆಯಲ್ಲಿ ತುಂಬುತ್ತೆ. ಉಸಿರು ಸಿಗದೆ ಒದ್ದಾಡ್ತೀಯ. ಅದನ್ನ ನಾನು ನೋಡಲ್ಲ."

"ಬಸ್ಸಲ್ಲಿ ಹೋಗಲ್ಲ ಅಂದೆ, ಅಷ್ಟೇ," ಎಂದು ಮಾವ ಸ್ವಲ್ಪ ಇಳಿದರು. "ಮಗ ಬೆನ್ನ ಹಿಂದೆ ಕೂರಿಸ್ಕೊಂಡು ಹೋದ್ರೆ ಹೋಗ್ತೀನಿ. ಯಾರ ಕೈಲೂ ಇಳಿಸ್ಕೊಳ್ಳಲ್ಲ."

ಹೀಗೆ ಸ್ಕೂಟರ್ ಬೇಕಾಯಿತು. ಮುಂದಿನ ಡಯಾಲಿಸಿಸ್‌ಗೆ ಆಟೊದಲ್ಲಿ ಹೋಗುವುದು, ಅದರ ಮುಂದಿನ ವಾರದೊಳಗೆ ಗಾಡಿ ಮನೆಗೆ ತರುವುದು ಎಂದು ತೀರ್ಮಾನವಾಯಿತು. ಹೊಸದೋ ಹಳೆಯದೋ ಎಂಬುದೊಂದೇ ಬಾಕಿ.

ಮೊದಲು ಶೋರೂಮಿಗೆ ಹೋದೆವು. ಅಲ್ಲಿ ಎಲ್ಲವೂ ಮಿರಮಿರ ಮಿಂಚುತ್ತಿತ್ತು. ಟೈ ಕಟ್ಟಿದ ಹುಡುಗ ನಮ್ಮನ್ನು ತಂಪು ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟ. ನನ್ನ ಗಂಡ ನೀಲಿ ಬಣ್ಣದ ಗಾಡಿಯೊಂದರ ಮೇಲೆ ಕೂತು ಇಳಿಯಲೇ ಇಲ್ಲ. ಪಾಪ, ಇಷ್ಟು ವರ್ಷ ಬೇರೆಯವರ ಕಿಟಕಿಗೆ ಗಾಜು ಹಾಕಿದವರು, ತಮಗೆಂದು ಹೊಸ ವಸ್ತು ಕೊಂಡದ್ದೇ ಕಡಿಮೆ.

"ತಿಂಗಳಿಗೆ ಇಷ್ಟೇ ಕಂತು ಸಾರ್," ಎಂದ ಹುಡುಗ.

"ತಿಂಗಳಿಗಿಷ್ಟೇ ಸರಿ, ಕೊನೆಗೆ ಒಟ್ಟು ಎಷ್ಟಾಗುತ್ತಪ್ಪ?" ಎಂದೆ ನಾನು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

ಅವನು ತಡವರಿಸಿದ. ಬಿಡದೆ ಕೇಳಿದಾಗ ಕೂಡಿ ಹೇಳಿದ. ಬೋರ್ಡಿನ ಮೇಲೆ ಬರೆದಿದ್ದ ಬೆಲೆಯೇ ಬೇರೆ, ರಿಜಿಸ್ಟ್ರೇಷನ್ನು, ವಿಮೆ, ಸಾಲದ ಬಡ್ಡಿ ಎಲ್ಲ ಸೇರಿ ನಾವು ಕೊಡಬೇಕಾದ ಬೆಲೆಯೇ ಬೇರೆ. ಆ ಕಂತು ಕಟ್ಟಿದರೆ ಮಾವನ ಇಂಜೆಕ್ಷನ್ನಿಗೆ ಕತ್ತರಿ ಬೀಳುತ್ತಿತ್ತು. ಆಸ್ಪತ್ರೆಗೆ ಹೋಗಲು ಗಾಡಿ ಇದ್ದು, ಆಸ್ಪತ್ರೆಯಲ್ಲಿ ಕೊಡಲು ದುಡ್ಡಿಲ್ಲದಿದ್ದರೆ ಏನು ಬಂತು. ನನ್ನ ಗಂಡ ಗಾಡಿಯಿಂದ ಇಳಿದು, ಸೀಟನ್ನು ಒಮ್ಮೆ ಕೈಯಿಂದ ಸವರಿ ಹೊರಗೆ ಬಂದರು.

ಹೊಸದು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಕಂತು ಹೊರುವ ಶಕ್ತಿ ಇದ್ದವರು, ದಿನವೂ ದೂರ ಓಡಿಸುವವರು, ಧಾರಾಳವಾಗಿ ಕೊಳ್ಳಲಿ. ಗ್ಯಾರಂಟಿ ಇರುತ್ತದೆ, ತಲೆನೋವು ಕಡಿಮೆ. ನಮಗೆ ಆಗಲಿಲ್ಲ, ಅಷ್ಟೇ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಟೈಲರಣ್ಣ ಅಂತ ಒಬ್ಬರಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಹೆಂಡತಿಯನ್ನು ಎಲ್ಲರೂ ಟೈಲರಕ್ಕ ಎನ್ನುತ್ತಾರೆ. ನಾವು ಗಾಡಿ ಹುಡುಕುತ್ತಿರುವ ವಿಷಯ ಕಿವಿಗೆ ಬಿದ್ದು ಅವರೇ ಬಂದರು.

"ಅವರ ಸ್ಕೂಟರ್ ಸುಮ್ಮನೆ ನಿಂತಿದೆ," ಎಂದರು. "ದಿನಾ ಬಾಗಿಲು ತೆಗೆದ್ರೆ ಅದೇ ಎದುರಿಗೆ. ನನಗೂ ನೋಡೋಕಾಗ್ತಿಲ್ಲ. ಯಾರೋ ಗೊತ್ತಿಲ್ಲದವರಿಗೆ ಕೊಡೋದಕ್ಕಿಂತ ನೀವೇ ತಗೊಳ್ಳಿ. ಬೆಲೆ ನೀವೇ ಹೇಳಿ."

ನಾನೂ ನನ್ನ ಗಂಡನೂ ಹೋಗಿ ನೋಡಿದೆವು. ಟೈಲರಣ್ಣ ತಾವೇ ಹೊಲಿದ ದಪ್ಪ ಬಟ್ಟೆಯ ಹೊದಿಕೆ ಅದರ ಮೇಲಿತ್ತು, ಕನ್ನಡಿಗಳಿಗೂ ಪುಟ್ಟ ಪುಟ್ಟ ಚೀಲ. ಹೊದಿಕೆ ತೆಗೆದರೆ ಗಾಡಿಯ ಮೇಲೆ ಒಂದು ಗೀರಿಲ್ಲ. ಟೈರಿನ ಹಲ್ಲುಗಳು ಸವೆದೇ ಇಲ್ಲ. ಸ್ಟಾರ್ಟ್ ಮಾತ್ರ ಆಗಲಿಲ್ಲ.

"ಬ್ಯಾಟರಿ ಇಳಿದಿರುತ್ತೆ," ಎಂದರು ನನ್ನ ಗಂಡ, ಆಗಲೇ ಅವರ ಮುಖ ಅರಳಿತ್ತು. "ಓಡಿದ್ದೇ ಕಡಿಮೆ. ಹೊಸ ಗಾಡಿ ಇದ್ದ ಹಾಗೇ ಇದೆ."

"ಒಂದು ಸಲ ಮೆಕ್ಯಾನಿಕ್‌ಗೆ ತೋರಿಸೋಣವಾ?" ಎಂದು ನಾನು ಮೆಲ್ಲಗೆ ಕೇಳಿದೆ.

ಅವರು ನನ್ನ ಕೈ ಚಿವುಟಿದರು. ಹೊರಗೆ ಬಂದ ಮೇಲೆ ಗದರಿದರು. "ನಿನಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ? ಗಂಡನ್ನ ಕಳ್ಕೊಂಡವರು, ನಂಬಿ ಕರೆದಿದಾರೆ. ಅವರ ಕಣ್ಣೆದುರಿಗೆ ಆ ಗಾಡೀನ ಬಿಚ್ಚಿ ಪರೀಕ್ಷೆ ಮಾಡಿಸ್ತೀಯಾ? ಚಿನ್ನದಂಥ ಮನುಷ್ಯ ಆತ. ಹೊದಿಕೆ ನೋಡಿದ್ರೆ ಗೊತ್ತಾಗಲ್ವಾ ಹೇಗೆ ಇಟ್ಕೊಂಡಿದ್ರು ಅಂತ."

"ಹೊದಿಕೆ ಮೇಲೆ ಕೂತ್ಕೊಂಡು ಹೋಗ್ತೀರಾ?" ಎಂದೆ. ಆದರೆ ನನ್ನ ದನಿಯಲ್ಲಿ ಜೋರಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಂಕೋಚವೇ. ಆ ಮನೆಯ ಗೋಡೆಗೆ ಟೈಲರಣ್ಣನ ಫೋಟೋ ಹಾಕಿದೆ, ಅದರ ಕೆಳಗೆ ನಿಂತು ಗಾಡಿಯಲ್ಲಿ ಏನು ದೋಷವಿದೆ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ನಮ್ಮ ಬೀದಿಯ ಜನವೇ ಹಾಗೆ. ಗುರುತಿಲ್ಲದವರ ಹತ್ತಿರ ಸೊಪ್ಪು ಕೊಳ್ಳುವಾಗ ಎಲೆ ಎಲೆ ತಿರುವಿ ನೋಡುತ್ತೇವೆ. ಗುರುತಿನವರ ಹತ್ತಿರ ಜೀವ ಹೊರುವ ಗಾಡಿ ಕೊಳ್ಳುವಾಗ ಕಣ್ಣು ಮುಚ್ಚಿ ತಲೆಯಾಡಿಸುತ್ತೇವೆ. ಅದಕ್ಕೆ ದಾಕ್ಷಿಣ್ಯ ಅಂತ ಹೆಸರು ಬೇರೆ.

ಬ್ಯಾಟರಿ ಹಾಕಿಸಿ, ಸೀದಾ ಮಾವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದೆಂದು ನನ್ನ ಗಂಡ ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದರು. ಅಷ್ಟರಲ್ಲಿ ನಾದಿನಿ ಡ್ಯೂಟಿ ಮುಗಿಸಿ ಬಂದಳು. ಅವಳ ಮುಖ ಇಳಿದುಹೋಗಿತ್ತು. ಏನಾಯಿತೆಂದು ನಾವು ಕೇಳಲಿಲ್ಲ. ಆ ವಾರ್ಡಿನಿಂದ ಬಂದವಳನ್ನು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿದೆ. ಅವಳಣ್ಣ ಮಾತ್ರ ಉತ್ಸಾಹದಿಂದ ಗಾಡಿಯ ಕಥೆ ಹೇಳಿದರು.

"ಬ್ರೇಕ್ ನೋಡಿದ್ಯಾ ಅಣ್ಣ?" ಎಂದಳು.

"ಗಾಡಿ ಸ್ಟಾರ್ಟೇ ಆಗಿಲ್ಲ, ಬ್ರೇಕ್ ಏನು ನೋಡೋದು? ಟೈಲರಣ್ಣನ ಗಾಡಿ ಕಣೇ ಅದು."

"ಟೈಲರಣ್ಣ ಒಳ್ಳೆಯವರು. ಅದಕ್ಕೂ ಬ್ರೇಕಿಗೂ ಏನು ಸಂಬಂಧ?"

"ನಿಂದು ಯಾವಾಗ್ಲೂ ಇದೇ. ಎಲ್ಲದರಲ್ಲೂ ಅಪಘಾತವೇ ಕಾಣುತ್ತೆ ನಿನಗೆ."

"ಹೌದು, ಕಾಣುತ್ತೆ," ಎಂದಳು ನಾದಿನಿ. "ಇವತ್ತು ಒಬ್ಬ ಬಂದಿದ್ದ. ಹಿಂದೆ ಅವರಮ್ಮನ್ನ ಕೂರಿಸ್ಕೊಂಡಿದ್ದ. ಇವನಿಗೆ ಮೊಣಕೈ ತರಚಿತ್ತು, ಅಷ್ಟೇ. 'ಬ್ರೇಕ್ ಹಿಡಿದೆ ಸಿಸ್ಟರ್, ಹಿಡೀತು ಅನ್ಕೊಂಡೆ, ಹಿಡೀಲಿಲ್ಲ' ಅಂತ ಅದನ್ನೇ ಹೇಳ್ತಾ ಕೂತಿದ್ದ. ಅವರಮ್ಮ ಉಳೀಲಿಲ್ಲ. ಗಾಡಿ ಅವನ ಭಾವಂದಂತೆ. ಭಾವನ್ನ ಹೇಗೆ ಕೇಳೋದು ಅಂತ ಅವನೂ ನೋಡಿಸಿರಲಿಲ್ಲ."

ಅವಳು ಮುಖ ತೊಳೆಯಲು ಹೋಗದೆ ಅಲ್ಲೇ ಕುರ್ಚಿಯ ಮೇಲೆ ಕೂತಳು.

"ನೀನೊಬ್ಬನೇ ಓಡಾಡೋದಾದ್ರೆ ನಾನು ಇಷ್ಟು ಹೇಳ್ತಿರಲಿಲ್ಲ," ಎಂದಳು. "ಹಿಂದೆ ಅಪ್ಪ ಕೂರ್ತಾನೆ. ಅವನಿಗೆ ಕೊಡೋ ಔಷಧಿಗೆ ರಕ್ತ ಬೇಗ ನಿಲ್ಲಲ್ಲ. ಬೇರೆಯವರಿಗೆ ತರಚು ಗಾಯ ಆದದ್ದು ಇವನಿಗೆ ದೊಡ್ಡದಾಗುತ್ತೆ."

ಮಾವ ಮಂಚದ ಮೇಲೆ ಮಲಗಿ ಎಲ್ಲ ಕೇಳುತ್ತಿದ್ದರು. "ನಮ್ಮ ಡಿಪೋದಲ್ಲಿ ಡ್ರೈವರ್ ನನ್ನ ಪ್ರಾಣ ಸ್ನೇಹಿತ," ಎಂದರು. "ಆದ್ರೂ ಡಿಪೋ ಮೆಕ್ಯಾನಿಕ್ ಬ್ರೇಕ್ ನೋಡಿ ಸೈ ಅನ್ನೋವರೆಗೆ ಅವನ ಬಸ್ಸನ್ನ ಗೇಟಿಂದ ಆಚೆ ಬಿಡ್ತಿರಲಿಲ್ಲ. ಅವನೇನೂ ಬೇಜಾರು ಮಾಡ್ಕೊಳ್ತಿರಲಿಲ್ಲಪ್ಪ."

"ಹಾಗಾದ್ರೆ ಟೈಲರಕ್ಕನ ಹತ್ರ ಯಾರು ಹೇಳ್ತೀರಿ?" ಎಂದು ನನ್ನ ಗಂಡ ತಲೆ ತಗ್ಗಿಸಿದರು. "ನನ್ನ ಕೈಲಂತೂ ಆಗಲ್ಲ."

ಮನೆಯಲ್ಲಿ ಇಂಥ ಕೆಲಸ ಬಂದಾಗ ಎಲ್ಲರ ಕಣ್ಣೂ ಯಾರ ಕಡೆ ತಿರುಗುತ್ತದೆ ಎಂದು ಹೇಳಬೇಕಾಗಿಲ್ಲ.

ಮರುದಿನ ನಾನೇ ಹೋದೆ. ಟೈಲರಕ್ಕ ಅಕ್ಕಿ ಆರಿಸುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡಿ, ಬೆವತು, ಕೊನೆಗೆ ಹೇಳಿದೆ. "ಅಕ್ಕ, ತಪ್ಪು ತಿಳ್ಕೋಬೇಡಿ. ಹಿಂದೆ ಮಾವ ಕೂರ್ತಾರೆ. ಅದಕ್ಕೆ ಗಾಡೀನ ಒಂದು ಸಲ ಮೆಕ್ಯಾನಿಕ್‌ಗೆ ತೋರಿಸೋಣ ಅಂತ."

ಅವರ ಕೈ ಮೊರದ ಮೇಲೆ ನಿಂತಿತು. ಬೇಜಾರಾಯಿತು ಎಂದುಕೊಂಡೆ.

"ನಾನೂ ಬರ್ತೀನಿ," ಎಂದರು. "ಅವರ ಗಾಡಿ ಒಂಟಿಯಾಗಿ ಹೋಗೋದು ಬೇಡ."

ನನ್ನ ಗಂಡನೂ ಬಂದರು, ಗಾಡಿಯನ್ನು ತಳ್ಳಿಕೊಂಡೇ ಹೋದೆವು. ಪರಿಚಯದವನ ಬಳಿಗಲ್ಲ, ನಮಗೂ ಟೈಲರಕ್ಕನಿಗೂ ಇಬ್ಬರಿಗೂ ಗುರುತಿಲ್ಲದ ಮೆಕ್ಯಾನಿಕ್ ಹತ್ತಿರ ಹೋಗಿ ಎಂದು ನಾದಿನಿ ಹೇಳಿಕೊಟ್ಟಿದ್ದಳು. ಮಾರುವವರ ಕಡೆಯವನೂ ಅಲ್ಲ, ಕೊಳ್ಳುವವರ ಕಡೆಯವನೂ ಅಲ್ಲ. ಅವನ ಅಂಗಡಿ ಎಂದರೆ ಒಂದು ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ. ಅವನೂ ಅಷ್ಟೇನೂ ನಗುಮುಖದವನಲ್ಲ.

"ಟೈರ್ ಸವೆದಿಲ್ಲ ನೋಡಿ," ಎಂದರು ನನ್ನ ಗಂಡ, ಮೊದಲೇ ಗಾಡಿಯ ಪರ ವಹಿಸಿ.

ಮೆಕ್ಯಾನಿಕ್ ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದ. ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು. "ಓಡಿ ಸವೆದಿಲ್ಲ ಅಣ್ಣ, ನಿಂತು ಒಣಗಿದೆ. ಭಾರ ಬಿದ್ದು ಬಿಸಿಯಾದ್ರೆ ಸಿಡಿಯುತ್ತೆ. ಎರಡೂ ಬದಲಾಯಿಸಬೇಕು." ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಮುಖ ಸಿಂಡರಿಸಿದ. ಹಳೆಯ ಪೆಟ್ರೋಲ್ ಕೆಟ್ಟು ಒಳಗೆಲ್ಲ ಅಂಟು ಹಿಡಿದಿತ್ತು. ಆಮೇಲೆ ಬಲಗಡೆಯ ಬ್ರೇಕ್ ಹಿಡಿದ, ಅದು ಸುಮಾರಾಗಿತ್ತು. ಎಡಗಡೆಯದು ಹಿಡಿಯಲು ಹೋಗಿ ನಿಂತ. ಎರಡೂ ಕೈ ಹಾಕಿ ಎಳೆದ. ಹಿಡಿ ಒಂದು ಚೂರು ಅಲುಗಿತು, ಅಷ್ಟೇ.

"ವೈರ್ ಒಳಗೆ ತುಕ್ಕು ಹಿಡಿದು ಕಚ್ಕೊಂಡಿದೆ," ಎಂದ. "ಪೈಲ್ವಾನ್ ಬಂದ್ರೂ ಎಳೆಯೋಕಾಗಲ್ಲ ಇದನ್ನ."

ನನ್ನ ಗಂಡ ಮುಖ ಸಪ್ಪೆ ಮಾಡಿಕೊಂಡು ನಿಂತರು. ಅದೇ ಗಾಡಿಯಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನ ರಸ್ತೆಯಲ್ಲಿ ಹೋಗುವುದನ್ನು ನೆನೆಸಿಕೊಂಡಿರಬೇಕು. ನಾನೂ ನೆನೆಸಿಕೊಂಡೆ.

"ಸುಮ್ಮನೆ ನಿಂತಿದ್ದಕ್ಕೆ ಹೀಗಾಯ್ತು ಅಲ್ವಾ?" ಎಂದು ಟೈಲರಕ್ಕನಿಗೆ ಸಮಾಧಾನವಾಗಲೆಂದು ಕೇಳಿದೆ.

ಟೈಲರಕ್ಕ ಹತ್ತಿರ ಬಂದರು. ಆ ಹಿಡಿಯನ್ನೇ ನೋಡುತ್ತಿದ್ದರು.

"ಅದು ಆಗಲೂ ಹೀಗೇ ಇತ್ತು," ಎಂದರು.

"ಯಾವಾಗ ಅಕ್ಕ?"

"ಅವರು ಓಡಿಸ್ತಿದ್ದಾಗ. ಕೊನೆ ಕೊನೆಗೆ." ಅವರು ತಮ್ಮ ಸೆರಗಿನ ತುದಿಯನ್ನು ಸುತ್ತುತ್ತಿದ್ದರು. "ಸಕ್ಕರೆ ಕಾಯಿಲೆ ಇತ್ತಲ್ಲ. ನರ ವೀಕ್ ಆಗಬಹುದು ಅಂತ ಡಾಕ್ಟ್ರು ಹೇಳಿದ್ರು. ಒಂದಿನ ಅಂಗಡಿಯಿಂದ ಬಂದು, ಎಡಗೈ ಹೋಯ್ತು ಕಣೇ, ಬ್ರೇಕ್ ಹಿಡಿಯೋಕಾಗ್ತಿಲ್ಲ ಅಂದ್ರು. ನೀನೂ ಹಿಡಿದು ನೋಡು ಅಂದ್ರು. ನನ್ನ ಕೈಲೂ ಆಗಲಿಲ್ಲ. ನಿನ್ನದು ಹೆಂಗಸಿನ ಕೈ, ನನ್ನದು ರೋಗದ ಕೈ ಅಂತ ನಕ್ಕರು. ಅವತ್ತಿಂದ ಗಾಡಿ ಬಿಟ್ರು. ಗಾಡಿ ಇಲ್ದೆ ಅಂಗಡಿಗೆ ಹೋಗೋದು ದೂರ ಆಯ್ತು. ಇವತ್ತು ಎಡಗೈ, ನಾಳೆ ಬಲಗೈ, ಕತ್ತರಿ ಹಿಡಿಯೋ ಕೈ ಹೋಗೋದನ್ನ ಗಿರಾಕಿಗಳು ನೋಡೋದು ಬೇಡ ಅಂತ ಅಂಗಡೀನೇ ಮುಚ್ಚಿದ್ರು."

ಅದು ನಮಗೆಲ್ಲ ಗೊತ್ತಿದ್ದದ್ದೇ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೀದಿ ನೋಡುತ್ತ ಕೂತಿರುತ್ತಿದ್ದರು ಟೈಲರಣ್ಣ. ನಾವು ಹೋಗುತ್ತ ಬರುತ್ತ, ಹುಷಾರಾ ಅಣ್ಣ ಎನ್ನುತ್ತಿದ್ದೆವು. ಅವರ ಕೈ ಹೋಗಿದೆ ಎಂದು ಬೀದಿಯೇ ಮರುಗಿತು. ಗಾಡಿ ನೋಡಿಸಿ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮೆಕ್ಯಾನಿಕ್ ಹಳೆಯ ವೈರನ್ನು ಎಳೆದು ಹಾಕಿ, ಹೊಸದನ್ನು ಕೂರಿಸಿ, ಎಣ್ಣೆ ಬಿಟ್ಟು ಬಿಗಿಮಾಡಿದ. ಆಮೇಲೆ ಗಾಡಿಯನ್ನು ಟೈಲರಕ್ಕನ ಕಡೆ ತಿರುಗಿಸಿದ. "ಈಗ ಹಿಡಿದು ನೋಡಿ ಅಮ್ಮ," ಎಂದ.

ಅವರು ಹೆದರಿಕೊಂಡೇ ಎರಡು ಬೆರಳು ಇಟ್ಟರು. ಹಿಡಿ ಮೆತ್ತಗೆ ಒಳಗೆ ಬಂತು. ಬಿಟ್ಟರು. ಮತ್ತೆ ಹಿಡಿದರು. ಮತ್ತೆ ಬಂತು.

"ಹಾಗಾದ್ರೆ ಅವರ ಕೈ ಚೆನ್ನಾಗೇ ಇತ್ತಾ?" ಎಂದು ಅವನನ್ನು ಕೇಳಿದರು.

"ಅದನ್ನ ನಾನು ಹೇಳೋಕಾಗಲ್ಲ ಅಮ್ಮ," ಎಂದ ಅವನು. ನೆಲದ ಮೇಲೆ ಬಿದ್ದಿದ್ದ ವೈರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ಆದ್ರೆ ಈ ಬ್ರೇಕಿಗೆ ಯಾರ ಕೈಯಾದ್ರೂ ಸೋಲ್ತಿತ್ತು."

ಟೈಲರಕ್ಕ ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತು ಅತ್ತರು. ಟೈಲರಣ್ಣ ತೀರಿಕೊಂಡ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದೆ. ಟೈಲರಣ್ಣನಿಗೆ ಕಾಯಿಲೆ ಹೇಗೂ ಇತ್ತು, ಇವತ್ತಲ್ಲ ನಾಳೆ ಕೊಂಡೊಯ್ಯುತ್ತಿತ್ತೇನೋ. ಆದರೆ ಆ ಕಿಟಕಿಯ ಬಳಿ ಕೂತು ಕಳೆದ ದಿನಗಳನ್ನು ಅವರು ಮಿಷನ್ನಿನ ಮುಂದೆ ಕೂತು, ಗಿರಾಕಿಗಳ ಜೊತೆ ಹರಟುತ್ತ ಕಳೆಯಬಹುದಿತ್ತು.

ಆ ಸ್ಕೂಟರನ್ನು ನಾವೇ ಕೊಂಡೆವು. ಎರಡು ಟೈರು, ಬ್ಯಾಟರಿ, ಎರಡೂ ಚಕ್ರದ ಬ್ರೇಕು, ಪೆಟ್ರೋಲ್ ಹರಿಯುವ ಪೈಪು ಎಲ್ಲ ಹೊಸದಾದ ಮೇಲೆ ಕೊಂಡೆವು. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿದೆವು. ಕಳೆಯುವುದು ಬೇಡ ಎಂದು ನನ್ನ ಗಂಡ ಮತ್ತೆ ದಾಕ್ಷಿಣ್ಯಕ್ಕೆ ಹೊರಟಾಗ ಟೈಲರಕ್ಕನೇ, "ಇದ್ದದ್ದನ್ನ ಇದ್ದ ಹಾಗೆ ಮಾಡೋಣಪ್ಪ," ಎಂದರು. ಗಾಡಿಯ ಮೇಲೆ ಹಳೆಯ ಸಾಲವಾಗಲಿ ದಂಡವಾಗಲಿ ಇಲ್ಲವೆಂದು ಆರ್‌ಟಿಒ ಆಫೀಸಿನಲ್ಲಿ ವಿಚಾರಿಸಿದೆವು. ಗಾಡಿ ತೀರಿಹೋದವರ ಹೆಸರಿನಲ್ಲಿದ್ದ ಕಾರಣ ಮೊದಲು ಟೈಲರಕ್ಕನೇ ವಾರಸುದಾರರೆಂಬ ಕಾಗದ, ಆಮೇಲೆ ನಮ್ಮ ಹೆಸರಿಗೆ ವರ್ಗಾವಣೆ. ಓಡಾಟವಾಯಿತು, ಸ್ವಲ್ಪ ದಿನ ಹಿಡಿಯಿತು. ಅಲ್ಲಿಯವರೆಗೆ ಹೊಟ್ಟೆ ಬಟ್ಟೆ ಕಟ್ಟಿ ಆಟೊಗೇ ಕೊಟ್ಟೆವು. ಹೆಸರು ಬದಲಾಗಿ, ವಿಮೆ ಆಗಿ, ಖಾಲಿ ರಸ್ತೆಯಲ್ಲಿ ನನ್ನ ಗಂಡ ಒಬ್ಬರೇ ನಾಲ್ಕು ಸುತ್ತು ಹೊಡೆದು ಬಂದ ಮೇಲೆಯೇ ಮಾವ ಹಿಂದೆ ಕೂತದ್ದು. ತಲೆಗೆ ಹೆಲ್ಮೆಟ್, ಬೆನ್ನಿಗೆ ಒರಗು ಕಂಬಿ. ಡಯಾಲಿಸಿಸ್ ಮುಗಿದ ಕೂಡಲೇ ಏಳಬಾರದು, ತಲೆ ಸುತ್ತು ನಿಲ್ಲುವವರೆಗೆ ಕೂರಬೇಕು, ತೀರಾ ನಿತ್ರಾಣವಾದ ದಿನ ಆಟೊ. ಇವು ನಾದಿನಿಯ ಕಟ್ಟಪ್ಪಣೆಗಳು.

ಮಾವ ಗುಣವಾಗಿಲ್ಲ, ಗುಣವಾಗುವ ಕಾಯಿಲೆಯೂ ಅಲ್ಲ ಅದು. ದಿನೇ ದಿನೇ ಇಳಿಯುತ್ತಿದ್ದಾರೆ. ಆದರೆ ವಾರಕ್ಕೆ ಎರಡು ಸಲ ಮಗನ ಸೊಂಟ ಹಿಡಿದುಕೊಂಡು ಹೋಗಿ ಬರುತ್ತಾರೆ. ಅವರನ್ನು ಯಾರೂ ಇಳಿಸುವುದಿಲ್ಲ.

ಈ ಕಥೆಯನ್ನು ಬೀದಿಯ ಮರ್ಯಾದೆಗೆ ಮುಚ್ಚಿಡೋಣ ಎಂದಿದ್ದೆ. ನಮ್ಮ ಬೀದಿಯ ಹೆಂಗಸರ ಸಂಘದ ಸಭೆಯಲ್ಲಿ ಹೇಳು ಎಂದವರು ಟೈಲರಕ್ಕನೇ. ನಾನು ಹೇಳುವಾಗ ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದರು.

ಆದ್ದರಿಂದ, ಓದುವವರೇ, ಕೇಳುವವರೇ, ಹೊಸ ಸ್ಕೂಟರೋ ಹಳೆಯದೋ ಎಂದು ನಿಮ್ಮ ಕಿಸೆ ನೋಡಿ ತೀರ್ಮಾನಿಸಿ. ಹೊಸದಾದರೆ ಕಂತನ್ನಲ್ಲ, ಒಟ್ಟು ಎಷ್ಟೆಂದು ಕೇಳಿ. ಹಳೆಯದಾದರೆ ಅಣ್ಣ ತಮ್ಮನದ್ದೇ ಇರಲಿ, ಗೆಳೆಯನದ್ದೇ ಇರಲಿ, ತೀರಿಹೋದ ಒಳ್ಳೆಯವರದ್ದೇ ಇರಲಿ, ಮೂರನೆಯವರ ಕೈಲಿ ನೋಡಿಸದೆ ಕೊಳ್ಳಬೇಡಿ, ನಿಮ್ಮ ಹೆಸರಿಗೆ ಆಗದೆ ಓಡಿಸಬೇಡಿ. ನೋಡಿಸೋಣ ಎಂದು ಕೇಳುವುದು ಅವಮಾನವಲ್ಲ. ಹಾಗೇ ಇನ್ನೊಂದು ಮಾತು, ಇದು ಟೈಲರಕ್ಕ ಹೇಳಿಸಿದ್ದು. ನಿಮ್ಮ ಮನೆಯಲ್ಲಿ ವಯಸ್ಸಾದವರೋ ಕಾಯಿಲೆಯವರೋ, ಇನ್ನು ಗಾಡಿ ಓಡಿಸಲು ನನ್ನ ಕೈಲಾಗಲ್ಲ ಎಂದು ಬೀಗದ ಕೈ ಕೆಳಗಿಟ್ಟರೆ, ಸರಿ ಬಿಡಿ ಎಂದು ಸುಮ್ಮನಾಗಬೇಡಿ. ಡಾಕ್ಟರಿಗೆ ಅವರ ಕೈ ತೋರಿಸಿ. ಅದೇ ದಿನ ಮೆಕ್ಯಾನಿಕ್‌ಗೆ ಬ್ರೇಕನ್ನೂ ತೋರಿಸಿ.